ಸಹಾಯ ಬೇಕು: ವಿಎಸ್ ಕೋಡ್‌ನಲ್ಲಿ ಕನ್ನಡ ಬರೆಯೋಕೆ ಯಾವ ವಿಮ್ ಎಕ್ಸ್‌ಟೆನ್ಶನ್?

ಎಲ್ಲರಿಗೂ ನಮಸ್ಕಾರ. ಉಬುಂಟುವಿನಲ್ಲಿ ವಿಎಸ್ ಕೋಡ್ ಎಡಿಟರ್ ಬಳಸುತ್ತೇನೆ. ಕೋಡ್ ಜೊತೆಗೆ ಕನ್ನಡ ಬರಹವನ್ನೂ ಅದರಲ್ಲೇ ತಿದ್ದುತ್ತೇನೆ, ಮೌಸ್ ಮುಟ್ಟದೆ ಕೆಲಸ ಆಗಬೇಕು, ಅದಕ್ಕೇ ಎಲ್ಲವನ್ನೂ ಕೀಲಿಗಳಿಂದಲೇ ಮಾಡುವ ವಿಮ್ ಎಡಿಟರ್‌ನ ರೀತಿ ಬೇಕು.

ವಿಎಸ್‌ಕೋಡ್‌ವಿಮ್, ವಿಎಸ್‌ಕೋಡ್ ನಿಯೋವಿಮ್ ಎರಡನ್ನೂ ಹಾಕಿ ನೋಡಿದೆ. ಮೊದಲನೆಯದು ವಿಮ್‌ನ ಅನುಕರಣೆ, ಆದರೆ ಸರೌಂಡ್, ಈಸಿಮೋಶನ್‌ನಂಥ ವಿಮ್ ಪ್ಲಗಿನ್‌ಗಳ ಸೌಲಭ್ಯ ಎಲ್ಲ ಅದರೊಳಗೇ ಇವೆ. ಎರಡನೆಯದು ತೆರೆಮರೆಯಲ್ಲಿ ನಿಜವಾದ ನಿಯೋವಿಮ್ (ವಿಮ್‌ನ ಹೊಸ ರೂಪ) ಅನ್ನೇ ಓಡಿಸುತ್ತದೆ, ನನ್ನ ಹಳೆಯ ಲುವಾ ಸೆಟ್ಟಿಂಗ್‌ಗಳನ್ನೂ ಓದುತ್ತದೆ, ಹಾಗಾಗಿ ನನಗೆ ಅದೇ ಜಾಸ್ತಿ ಇಷ್ಟ.

ತೊಡಕು ಇರೋದು ಕನ್ನಡದ ಹತ್ತಿರ. ಐಬಸ್‌ನಲ್ಲಿ (ಲಿನಕ್ಸ್‌ನಲ್ಲಿ ಕೀಲಿಮಣೆಯ ಭಾಷೆ ಬದಲಿಸುವ ತಂತ್ರಾಂಶ) ಕೆಜಿಪಿ (ಕನ್ನಡ ಗಣಕ ಪರಿಷತ್) ಕೀಲಿಮಣೆ ಹಾಕಿಕೊಂಡು ಇನ್ಸರ್ಟ್ ಮೋಡ್‌ನಲ್ಲಿ, ಅಂದರೆ ಅಕ್ಷರ ಮೂಡಿಸುವ ಸ್ಥಿತಿಯಲ್ಲಿ, ಬರೆದು, ಕೀಲಿಗಳು ಕಮಾಂಡ್ ಆಗುವ ಸ್ಥಿತಿಗೆ ಬರಲು ಎಸ್ಕೇಪ್ ಒತ್ತಿದ ಮೇಲೂ ಕೀಲಿಮಣೆ ಕನ್ನಡದಲ್ಲೇ ಉಳಿಯುತ್ತದೆ, ಸಾಲು ಅಳಿಸೋಣ ಅಂತ ಡಿ ಎರಡು ಸಲ ಒತ್ತಿದರೆ ಅದಕ್ಕೆ ಸಿಗೋದು 'ದ'. ವಿಎಸ್‌ಕೋಡ್‌ವಿಮ್‌ನಲ್ಲಿ ಇದಕ್ಕೆಂದೇ ಆಟೋ ಸ್ವಿಚ್ ಇನ್‌ಪುಟ್ ಮೆಥಡ್ ಅನ್ನೋ ಸೆಟ್ಟಿಂಗ್ ಇದೆ. ಅಲ್ಲಿ ಕೀಲಿಮಣೆ ಬದಲಿಸುವ 'ಐಬಸ್ ಎಂಜಿನ್' ಕಮಾಂಡ್ ಕೊಟ್ಟೆ, ಸರಿಹೋಯಿತು. ನಿಯೋವಿಮ್‌ಗೆ ಇನ್ಸರ್ಟ್‌ಲೀವ್ ಆಟೋಕಮಾಂಡ್‌ನಲ್ಲಿ (ಇನ್ಸರ್ಟ್ ಮೋಡ್ ಬಿಟ್ಟಾಗ ತಾನಾಗಿಯೇ ನಡೆಯುವ ಕಮಾಂಡ್) ಅದೇ ಕಮಾಂಡ್ ಬರೆದೆ. ಟರ್ಮಿನಲ್‌ನಲ್ಲಿ ಚೆನ್ನಾಗಿ ನಡೆಯುತ್ತದೆ, ವಿಎಸ್ ಕೋಡ್ ಒಳಗೆ ಮಾತ್ರ ಒಮ್ಮೆ ಆಗುತ್ತದೆ, ಒಮ್ಮೆ ಇಲ್ಲ. ಅಲ್ಲಿ ಇನ್ಸರ್ಟ್ ಮೋಡ್ ಅನ್ನು ವಿಎಸ್ ಕೋಡೇ ನೋಡಿಕೊಳ್ಳುತ್ತದೆ ಅಲ್ವಾ, ಅದಕ್ಕೇ ಹೀಗಾ?

ನಿಯೋವಿಮ್ ಎಕ್ಸ್‌ಟೆನ್ಶನ್ ಇಟ್ಟುಕೊಂಡೇ ಎಸ್ಕೇಪ್ ಒತ್ತಿದಾಗ ಪ್ರತಿ ಸಲವೂ ಇಂಗ್ಲಿಷ್ ಕೀಲಿಮಣೆಗೆ ಮರಳುವಂತೆ ಯಾರಾದರೂ ಮಾಡಿಕೊಂಡಿದ್ದೀರಾ? ಮಾಡಿಕೊಂಡಿದ್ದರೆ ಆ ಸೆಟ್ಟಿಂಗ್ ಹಾಕಿ ದಯವಿಟ್ಟು.