ಸಹಾಯ ಬೇಕು: ಸಸಿಯ ಬುಡ ಕತ್ತರಿಸುವ ಹುಳುವಿನ ಕಾಟ

ಎಲ್ಲರಿಗೂ ನಮಸ್ಕಾರ. ನಮ್ಮದು ಧಾರವಾಡ, ಹಿತ್ತಲಲ್ಲಿ ಎರೆ ಮಣ್ಣು. ಆರಿದ್ರಾ ಮಳೆ ಬಿದ್ದ ಮೇಲೆ ಮುಳಗಾಯಿ (ಬದನೆಕಾಯಿ), ಟೊಮೆಟೊ, ಮೆಣಸಿನ ಅಗಿ ಹಚ್ಚಿದ್ದೇವೆ. ಸಂಜೆ ನೆಟ್ಟಗೆ ನಿಂತಿದ್ದ ಸಸಿ ಬೆಳಿಗ್ಗೆ ಬುಡದಲ್ಲೇ ತುಂಡಾಗಿ ಬಿದ್ದಿರುತ್ತದೆ. ಎಲೆ ಹಾಗೇ ಇರುತ್ತದೆ, ಕಾಂಡ ಮಾತ್ರ ಬ್ಲೇಡಿನಿಂದ ಕೊಯ್ದ ಹಾಗೆ. ಬುಡ ಕೆದಕಿದರೆ ಬೂದು ಬಣ್ಣದ ದಪ್ಪ ಹುಳು ಸಿಗುತ್ತದೆ, ಮುಟ್ಟಿದರೆ ಸುರುಳಿ ಸುತ್ತಿಕೊಳ್ಳುತ್ತದೆ. ಇದು ಕಾಂಡ ಕತ್ತರಿಸುವ ಹುಳುವೇ ಅಲ್ವಾ?

ಹಗಲು ಮಣ್ಣಲ್ಲಿ ಅಡಗುತ್ತದೆ ಅಂತ ರಾತ್ರಿ ಬ್ಯಾಟರಿ ಹಿಡಿದು ಆರಿಸಿ, ಸಾಬೂನು ನೀರಿಗೆ ಹಾಕುತ್ತಿದ್ದೇವೆ. ಕೆಲವು ಸಸಿಗಳಿಗೆ ಪೇಪರ್ ಕಪ್ಪಿನ ತಳ ಕತ್ತರಿಸಿ, ಬುಡದ ಸುತ್ತ ಎರಡು ಬೆರಳಷ್ಟು ಮಣ್ಣಿನೊಳಗೆ ಇಳಿಸಿದ್ದೇವೆ. ಅವು ಉಳಿದಿವೆ. ಆದರೆ ಜಿಟಿಜಿಟಿ ಮಳೆಗೆ ಪೇಪರ್ ಕಪ್ಪು ಮೆತ್ತಗಾಗುತ್ತಿದೆ. ಬೂದಿ ಹಾಕಿದರೆ ತೊಳೆದು ಹೋಗುತ್ತದೆ.

ಮುಳಗಾಯಿ ಬೀಜ ನಮ್ಮ ಅವ್ವ ವರ್ಷವರ್ಷ ಜೋಪಾನ ಮಾಡಿ ಇಟ್ಟದ್ದು, ಪೇಟೆಯಲ್ಲಿ ಸಿಗುವುದಲ್ಲ. ಅದಕ್ಕೇ ಜಾಸ್ತಿ ಸಂಕಟ.

ಎರೆ ಮಣ್ಣಿಗೆ ಬೇವಿನ ಹಿಂಡಿ ಹಾಕಿದವರು ಇದ್ದೀರಾ? ಸಸಿಗೆ ಎಷ್ಟು ಹಾಕಿದಿರಿ? ಈ ಹುಳು ಕಡಿಮೆಯಾಯಿತಾ? ಮಕ್ಕಳು ಅಲ್ಲೇ ಆಡುತ್ತವೆ, ವಿಷದ ಔಷಧ ಬೇಡ. ಕಪ್ಪಿನ ಬದಲು ಮಳೆಗೆ ತಡೆಯುವಂಥದ್ದು ಏನಾದರೂ ಗೊತ್ತಿದ್ದರೂ ದಯವಿಟ್ಟು ಬೇಗ ತಿಳಿಸಿ.