ಸಹಾಯ ಬೇಕು: ಯಾವ ಧಾರಾವಾಹಿ ಬಿಡೋಣ?

ಎಲ್ಲರಿಗೂ ನಮಸ್ಕಾರ. ನಾವು ಧಾರವಾಡದ ಸಪ್ತಾಪುರದವರು. ರಾತ್ರಿ ಏಳರಿಂದ ಹತ್ತರ ತನಕ ನಮ್ಮನೆ ಟಿವಿ ಅತ್ತೆಯವರದು. ಈಗ ಹೊಸ ಧಾರಾವಾಹಿ ಎರಡು ಶುರುವಾಗಿವೆ, ಹಳೆಯವೂ ಮುಗಿದಿಲ್ಲ. ಒಂದನ್ನಾದರೂ ಬಿಡಲೇಬೇಕು, ಇಲ್ಲಾಂದ್ರೆ ರೊಟ್ಟಿ ಬಡಿಯೋರು ಯಾರು?

ಮೊದಲನೆಯದು ಕೂಡುಕುಟುಂಬದ ಕಥೆ. ಸೊಸೆ ಕೈಯಲ್ಲಿರುವ ಲಕೋಟೆಯನ್ನು ಸೋಮವಾರದಿಂದ ಇನ್ನೂ ಒಡೆದಿಲ್ಲ. ಕ್ಯಾಮೆರಾ ಮಾತ್ರ ಮನೆಮಂದಿಯ ಮುಖಕ್ಕೆಲ್ಲ ಮೂರು ಮೂರು ಸಲ ಹೋಗಿ ಬರುತ್ತದೆ. ಆದರೆ ಅಜ್ಜಿಯ ಪಾತ್ರ ಮಾಡಿದವರು ಭಾರಿ ಚಲೋ ಮಾಡುತ್ತಾರೆ. ಎರಡನೆಯದು ಬೇಗ ಓಡುತ್ತದೆ. ಅದರಲ್ಲಿ ನಮ್ಮ ಕಡೆ ಭಾಷೆ ಆಡುವವನು ಅಡುಗೆಯವನೊಬ್ಬನೇ, ಅದೂ ಸುಮ್ನೆ ನಗಿಸೋಕೆ. ನನಗೆ ಸಿಟ್ಟು, ಅತ್ತೆಗೆ ನಗು.

ಮಗ ಮೊಬೈಲಿನಲ್ಲಿ ಆಮೇಲೆ ನೋಡಿ ಅಂತಾನೆ. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣದವು ಜಿಯೋಹಾಟ್‌ಸ್ಟಾರ್‌ನಲ್ಲಿ, ಝೀ ಕನ್ನಡದವು ಝೀ ಫೈವ್‌ನಲ್ಲಿ, ಉದಯದವು ಸನ್ ನೆಕ್ಸ್ಟ್‌ನಲ್ಲಿ ಇರುತ್ತವೆ, ಗೊತ್ತು. ಆದರೆ ಅಷ್ಟು ಸಣ್ಣ ಪರದೆಯಲ್ಲಿ ನೋಡಿದರೆ ಅತ್ತೆಗೆ ನೋಡಿದ ಹಾಗೇ ಅಲ್ಲ.

ನೀವಾದರೆ ಯಾವುದನ್ನು ಬಿಡ್ತೀರಿ? ಗುರುವಾರದ ಟಿಆರ್‌ಪಿ ಲೆಕ್ಕ ಬೇಡ. ನಿಮ್ಮನೆ ಹಿರಿಯರನ್ನು ಹೇಗೆ ಒಪ್ಪಿಸಿದಿರಿ ಅನ್ನೋದನ್ನೂ ಹೇಳಿ, ನನಗೆ ಅದೇ ಜಾಸ್ತಿ ಬೇಕಾಗಿದೆ.