ಮಂಡಿ ಆಪರೇಷನ್ ಆದಮೇಲೆ ಕುಮಾರ ಪರ್ವತ: ಹೋಗಿಬಂದವರು ಇದ್ದೀರಾ?

ಬಸವನಗುಡಿ ಚಾರಣಿಗ:
ವಯಸ್ಸು 61. ಮಾರ್ಚ್‌ನಲ್ಲಿ ಬಲ ಮಂಡಿಗೆ ಟಿಕೆಆರ್ (ಇಡೀ ಮಂಡಿ ಕೀಲು ಬದಲಾಯಿಸುವ ಆಪರೇಷನ್) ಆಗಿದೆ. ಈಗ 115 ಡಿಗ್ರಿವರೆಗೆ ಮಡಚಲು ಬರುತ್ತದೆ. ಪಾರ್ಕಿನಲ್ಲಿ ಐದಾರು ಕಿಲೋಮೀಟರ್ ಆರಾಮಾಗಿ ನಡೆಯುತ್ತೇನೆ. ಹಳೇ ಗೆಳೆಯರು ಡಿಸೆಂಬರಿನಲ್ಲಿ ಕುಕ್ಕೆ ಕಡೆಯಿಂದ ಕುಮಾರ ಪರ್ವತಕ್ಕೆ ಹೊರಟಿದ್ದಾರೆ. ಹತ್ತುವುದಕ್ಕೆ ಭಯ ಇಲ್ಲ, ಇಳಿಯುವುದೇ ಯೋಚನೆ. ಸರ್ಜನ್‌ರನ್ನು ಕೇಳಿದರೆ "ಮೊಮ್ಮಕ್ಕಳ ಜೊತೆ ವಾಕಿಂಗ್ ಹೋಗಿ ಸಾರ್" ಎಂದು ನಕ್ಕುಬಿಟ್ಟರು. ಆಪರೇಷನ್ ಆದಮೇಲೂ ಘಟ್ಟ ಹತ್ತಿದವರು ಇದ್ದರೆ ಹೇಳಿ. ಕೋಲು ಒಂದು ಸಾಕಾ, ಎರಡು ಬೇಕಾ?

ಶಿವಮೊಗ್ಗದ ನಿವೃತ್ತ ಕ್ಯಾಷಿಯರ್:
ಬೆಟ್ಟದ ಮಾತು ಆಮೇಲೆ, ಮೊದಲು ಬಿಲ್ಲಿನ ಕಥೆ ಕೇಳಿ. 2017ರ ಆಗಸ್ಟ್‌ನಲ್ಲಿ ಸರ್ಕಾರ ಇಂಪ್ಲಾಂಟ್, ಅಂದರೆ ಒಳಗೆ ಕೂರಿಸುವ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿತಲ್ಲ? ಮಾಮೂಲಿ ಕೋಬಾಲ್ಟ್ ಕ್ರೋಮಿಯಂಗೆ 54,720, ಟೈಟಾನಿಯಂ ಥರದ್ದಕ್ಕೆ 76,600, ಜಿಎಸ್‌ಟಿ ಬೇರೆ. ಅದನ್ನೇ ನಂಬಿಕೊಂಡು ಹೋದೆ. ಮಿತಿ ಇರುವುದು ಆ ಲೋಹಕ್ಕೆ ಮಾತ್ರ ಸ್ವಾಮಿ. ಥಿಯೇಟರ್ ಚಾರ್ಜು, ಅರಿವಳಿಕೆ ಡಾಕ್ಟರ ಫೀಸು, ಬೋನ್ ಸಿಮೆಂಟು, ಎಲ್ಲಾ ಅವರಿಷ್ಟ. ಕನ್ಸ್ಯೂಮಬಲ್ಸ್ (ಬಳಸಿ ಬಿಸಾಡುವ ಸಾಮಾನು) ಅಂತ ಒಂದೇ ಸಾಲಿನಲ್ಲಿ 31,400 ಬರೆದಿದ್ದರು. ಅದರೊಳಗೆ ಏನಿದೆ ಎಂದು ಕೇಳಿದ್ದಕ್ಕೆ ಕೌಂಟರಿನ ಹುಡುಗಿ "ಸಿಸ್ಟಮ್‌ನಲ್ಲಿ ಹಾಗೇ ಬರುತ್ತೆ ಅಂಕಲ್" ಎಂದಳು. ವಾಕರ್‌ಗೆ 1,800. ಅದೇ ವಾಕರ್ ನಮ್ಮ ಗಾಂಧಿ ಬಜಾರಿನಲ್ಲಿ 950!

ನನ್ನ ಪಾಲಿಸಿಯಲ್ಲಿ ರೂಮಿಗೆ ದಿನಕ್ಕೆ 5,000 ಮಿತಿ. ಖಾಲಿ ಇದ್ದದ್ದು 7,500ದ ರೂಮು ಮಾತ್ರ. ಹೆಚ್ಚಿಗೆಯ 2,500 ಕೈಯಿಂದ ಕಟ್ಟಿದರೆ ಮುಗೀತು ಅಂದುಕೊಂಡಿದ್ದೆ. ಇಲ್ಲ. ರೂಮಿನ ಲೆಕ್ಕವನ್ನೇ ಹಿಡಿದು ಇಡೀ ಬಿಲ್ಲಿನಲ್ಲಿ ಮೂರನೇ ಒಂದು ಭಾಗ ಕಟ್. ಇಂಪ್ಲಾಂಟಿನಲ್ಲೂ ಕಟ್.

ಆಮೇಲೆ ಕೊಡಚಾದ್ರಿಗೆ ಹೋದೆ. ಮೂಲ ಮೂಕಾಂಬಿಕೆ ಗುಡಿವರೆಗೆ ಜೀಪು, ಅಲ್ಲಿಂದ ಸರ್ವಜ್ಞ ಪೀಠಕ್ಕೆ ನಡಿಗೆ. ಜೀಪಿನ ಕುಲುಕಾಟಕ್ಕೇ ಮಂಡಿ ಊದಿತು.

ಸುಳ್ಯ ಕಡೆಯವ:
ಕ್ಯಾಷಿಯರರೇ, ಅವರು ಕೇಳಿದ್ದು ಬೆಟ್ಟದ ವಿಷಯ ಮಾರಾಯ್ರೆ. ಚಾರಣಿಗರೇ, ನಾನು ಎರಡು ಮಂಡಿಗೂ ಮಾಡಿಸಿದವ. ಮೊದಲು ಎಡ, ಮಾರನೇ ವರ್ಷ ಬಲ. ಕುಮಾರ ಪರ್ವತ ಹತ್ತಿದ್ದೇನೆ, ಇಳಿದಿದ್ದೇನೆ. ಹತ್ತುವವರೆಗೆ ಮಂಡಿಗೆ ಏನೂ ಅನಿಸಲಿಲ್ಲ, ಏದುಸಿರು ಮಾತ್ರ. ದಾರಿಯಲ್ಲಿ ಸಿಗುವ ಭಟ್ಟರ ಮನೆ ದಾಟಿದ ಮೇಲೆ ಬೋಳು ಗುಡ್ಡ, ಬಿಸಿಲು. ಕಲ್ಲು ಮಂಟಪದಲ್ಲಿ ಕೂತೆ. ಕೂತದ್ದೇ ತಪ್ಪಾಯಿತು, ಏಳುವಾಗ ಕಾಲು ಕೊಯ್ದ ಮರದ ತುಂಡಿನ ಹಾಗೆ.

ಇಳಿತ ಅಂದರೆ ಕುಕ್ಕೆವರೆಗೆ 1,500 ಮೀಟರಿಗೂ ಜಾಸ್ತಿ, ಒಂದೇ ದಿನದಲ್ಲಿ. ಕೊನೆಯ ಕಾಡಿನ ದಾರಿಯಲ್ಲಿ ಬರೀ ಬೇರು, ಕಲ್ಲು. ಲೋಹಕ್ಕೆ ನೋವಾಗುವುದಿಲ್ಲ, ಸುತ್ತಲಿನ ಸ್ನಾಯು ಬಿಡುತ್ತದೆ. ತೊಡೆ ನಡುಗಲು ಶುರುವಾದರೆ ಹೆಜ್ಜೆ ತಪ್ಪುತ್ತದೆ. ಕೋಲು ಎರಡು. ಇಳಿಯುವಾಗ ಸ್ವಲ್ಪ ಉದ್ದ ಮಾಡಿಕೊಳ್ಳಿ, ಮೊದಲು ಕೋಲು ಊರಿ, ಆಮೇಲೆ ಕಾಲು.

ಯಾರೂ ಹೇಳದ ಒಂದು ವಿಷಯ ಇದೆ: ಇಂಬಳ, ಕಾಡಿನ ಜಿಗಣೆ. ಆಪರೇಷನ್ ಗಾಯದ ಹೊರಬದಿಯಲ್ಲಿ ಅಂಗೈಯಷ್ಟು ಜಾಗ ಜೋಮು ಹಿಡಿದ ಹಾಗೆ ಇರುತ್ತದಲ್ಲ? ಅಲ್ಲಿ ಕಚ್ಚಿದರೆ ಗೊತ್ತೇ ಆಗುವುದಿಲ್ಲ. ಪ್ಯಾಂಟು ಮೇಲೆತ್ತಿದರೆ ದ್ರಾಕ್ಷಿ ಗಾತ್ರಕ್ಕೆ ಊದಿಕೊಂಡು ಎರಡು ನೇತಾಡುತ್ತಿದ್ದವು. ನಾನು ಹಾರ್ಟಿಗೆ ಆಸ್ಪಿರಿನ್ ತೆಗೆದುಕೊಳ್ಳುವವ. ರಕ್ತ ನಿಲ್ಲಬೇಕಲ್ಲ? ಸಾಕ್ಸ್ ಹಿಂಡುವ ಹಾಗಾಯಿತು. ಡಿಸೆಂಬರಿನಲ್ಲಿ ಅಷ್ಟು ಇರುವುದಿಲ್ಲ, ಆದರೂ ನೋಡಿಕೊಳ್ಳಿ.

ಎರಡೂ ಒಟ್ಟಿಗೆ ಟೀಚರ್:
ಮೊದಲು ಎಡ, ಆಮೇಲೆ ಬಲ ಅಂತ ಯಾಕೆ ಎರಡು ಸಲ ನರಳುತ್ತಾರೋ ಗೊತ್ತಿಲ್ಲ. ನಾನು ಒಂದೇ ಸಲ ಎರಡೂ ಮಾಡಿಸಿಕೊಂಡೆ. ಒಂದೇ ಅರಿವಳಿಕೆ, ಒಂದೇ ರಜೆ, ಒಂದೇ ಸಲ ಅಳು. ಅಳು ಮಾತ್ರ ಜಾಸ್ತಿನೇ ಇತ್ತು. ಎಡ ಮಂಡಿ 70 ಡಿಗ್ರಿಗೆ ಬಂದು ಗಟ್ಟಿಯಾಗಿಬಿಟ್ಟಿತು. ಮನೆಗೆ ಬರುತ್ತಿದ್ದ ಫಿಸಿಯೋ ಹುಡುಗ, ಒಂದು ಸಲಕ್ಕೆ 600, ಫೋನ್ ನೋಡಿಕೊಂಡು "ಇನ್ನು ಹತ್ತು ಮಾಡಿ ಆಂಟಿ" ಎನ್ನುತ್ತಿದ್ದ. ಕೊನೆಗೆ ಮತ್ತೆ ಅರಿವಳಿಕೆ ಕೊಟ್ಟು ಸರ್ಜನ್ನೇ ಕಾಲು ಮಡಚಿ ಬಿಡಿಸಿದರು. ಅದಕ್ಕೆ 28,000 ಬೇರೆ. ಎದ್ದಾಗ ತೊಡೆಯೆಲ್ಲಾ ನೀಲಿ.

ಅಷ್ಟಾದರೂ ಮುಳ್ಳಯ್ಯನಗಿರಿಗೆ ಸರ್ಪದಾರಿಯಿಂದಲೇ ಹತ್ತಿದೆ. ಕಾರಿನಲ್ಲಿ ಹೋಗಿ ಮೆಟ್ಟಿಲು ಹತ್ತಿ ಫೋಟೋ ತೆಗೆಸಿಕೊಳ್ಳುವುದಲ್ಲ. ಇಳಿಯುವಾಗ ಅಡ್ಡಡ್ಡ ಇಳಿದೆ, ಸೀರೆ ಉಟ್ಟವರು ಬಸ್ ಇಳಿಯುವ ಹಾಗೆ. ನಗುವವರು ನಗಲಿ.

ಸುಳ್ಯ ಕಡೆಯವ:
ಟೀಚರ್, ಹಾರ್ಟ್ ಇರುವವರಿಗೆ ಒಟ್ಟಿಗೆ ಮಾಡುವುದಿಲ್ಲ ಅಂತ ಡಾಕ್ಟರೇ ಹೇಳಿದ್ದು. ನರಳುವ ಚಟದಿಂದ ಮಾಡಿಸಿದ್ದಲ್ಲ.

ವಜ್ರಾಸನ:
ಎಲ್ಲರಿಗೂ ಕೊಯ್ಯಿಸಿಕೊಳ್ಳುವ ಅವಸರ. ನನಗೂ ಎಕ್ಸ್‌ರೇ ನೋಡಿ "ಮೂಳೆಗೆ ಮೂಳೆ ತಾಗುತ್ತಿದೆ, ಈ ತಿಂಗಳೇ ಮಾಡಿಸಿ" ಎಂದಿದ್ದರು. ಹನ್ನೊಂದು ಕೆಜಿ ಇಳಿಸಿದೆ, ತೊಡೆಯ ವ್ಯಾಯಾಮ ಬಿಡಲಿಲ್ಲ, ಪಿಆರ್‌ಪಿ ಇಂಜೆಕ್ಷನ್ (ನಮ್ಮದೇ ರಕ್ತದಿಂದ ತಯಾರಿಸಿ ಮಂಡಿಗೆ ಕೊಡುವುದು) ತೆಗೆದುಕೊಂಡೆ. ಈಗ ಸಾವನದುರ್ಗ ಹತ್ತುತ್ತೇನೆ. ನಿಮ್ಮ ಲೋಹ ಸವೆದ ಮೇಲೆ ಏನು ಮಾಡ್ತೀರಿ?

ಎರಡೂ ಒಟ್ಟಿಗೆ ಟೀಚರ್:
ಸವೆಯುವುದು ಲೋಹ ಅಲ್ಲ, ನಡುವೆ ಇರುವ ಪ್ಲಾಸ್ಟಿಕ್. ಅಷ್ಟೂ ತಿಳಿಯದೆ ಉಪದೇಶ. ರಾತ್ರಿ ಬಾತ್‌ರೂಮಿಗೆ ಗೋಡೆ ಹಿಡಿದುಕೊಂಡು ಹೋದವರಿಗೆ ಮಾತ್ರ ಗೊತ್ತು ಯಾಕೆ ಕೊಯ್ಯಿಸಿಕೊಂಡೆವು ಅಂತ. ನಿಮ್ಮ ಪಿಆರ್‌ಪಿಗೆ ಎಷ್ಟಾಯಿತು, ಅದನ್ನೂ ಹೇಳಿ.

ವಜ್ರಾಸನ:
ಒಂದಕ್ಕೆ 18,000. ಆದರೂ ನಿಮ್ಮಷ್ಟಾಗಲಿಲ್ಲ.

ಡೆನ್ವರ್ ಕನ್ನಡಿಗ:
ನಾನು ಹಾಸನದವನು, ಕೊಲೊರಾಡೋದಲ್ಲಿ ನೆಲೆಸಿ ಬಹಳ ವರ್ಷ ಆಯಿತು. ನನ್ನದು ಅರ್ಧ ಮಂಡಿ, ಒಳಬದಿ ಮಾತ್ರ ಬದಲಾಯಿಸಿದ್ದು. ಇನ್ಶೂರೆನ್ಸಿನ ವರ್ಷದ ಮಿತಿ ಮುಟ್ಟುವವರೆಗೆ ಕೈಯಿಂದ ಹೋಗಿದ್ದು 6,500 ಡಾಲರ್, ಫಿಸಿಯೋಗೆ ಪ್ರತಿ ಸಲ 45. ಸೆಪ್ಟೆಂಬರಿನಲ್ಲಿ ಬಿಲ್ಲು ಬಾಣ ಹಿಡಿದು ಎಲ್ಕ್ ಬೇಟೆಗೆ ಹೋಗುತ್ತೇನೆ. ಎಲ್ಕ್ ಅಂದರೆ ನಮ್ಮ ಕಡವೆಗಿಂತ ದೊಡ್ಡ ಜಿಂಕೆ. ಹತ್ತು ಸಾವಿರ ಅಡಿ ಎತ್ತರ, ಜಾರುವ ಕಲ್ಲಿನ ಇಳಿಜಾರು.

ನಡೆಯಲು ತೊಂದರೆ ಇಲ್ಲ, ಮಂಡಿಯೂರುವುದೇ ಕಷ್ಟ. ಪ್ರಾಣಿ ಬಿದ್ದ ಮೇಲೆ ಅಲ್ಲೇ ಚರ್ಮ ಸುಲಿದು ಭಾಗ ಮಾಡಬೇಕಲ್ಲ, ನೆಲಕ್ಕೆ ಮಂಡಿ ಊರಿದರೆ ಗಾಜಿನ ಚೂರಿನ ಮೇಲೆ ಕೂತ ಹಾಗೆ. ತೋಟದ ಕೆಲಸಕ್ಕೆ ಬಳಸುವ ಫೋಮ್ ಪ್ಯಾಡ್ ಬ್ಯಾಗಿಗೆ ಕಟ್ಟಿಕೊಳ್ಳುತ್ತೇನೆ, 12 ಡಾಲರ್. ಇನ್ನು ಹೊರೆ. ಹಿಂದಿನ ತೊಡೆ ಒಂದೇ 25-30 ಕೆಜಿ ಬರುತ್ತದೆ. ತಿನ್ನುವ ಮಾಂಸ ಕಾಡಿನಲ್ಲಿ ಬಿಟ್ಟುಬಂದರೆ ಇಲ್ಲಿ ಕಾನೂನು ಪ್ರಕಾರ ಅಪರಾಧ. ಅದಕ್ಕೇ ಈಗ ಒಬ್ಬನೇ ಹೋಗುವುದಿಲ್ಲ. ಹೊರೆ ಗೆಳೆಯರ ಹೆಗಲಿಗೆ.

ಎರಡೂ ಒಟ್ಟಿಗೆ ಟೀಚರ್:
ಅರ್ಧ ಮಂಡಿಗೆ ಇಷ್ಟು ಜಂಬ ಬೇಡ. 2019ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೆಕ್ಕ ನೋಡಿ: ಪೂರ್ತಿ ಬದಲಾಯಿಸಿದ್ದು 25 ವರ್ಷ ಬಾಳುವುದು ಸುಮಾರು 82%, ಅರ್ಧದ್ದು 70%.

ವಜ್ರಾಸನ:
ಮಂಡಿಯೂರಿ ಪ್ರಾಣಿ ಕೊಯ್ಯುವ ಕಥೆ ಇಲ್ಲಿ ಬೇಕಿತ್ತಾ? ಪಾಪದ ಪ್ರಾಣಿ.

ಡೆನ್ವರ್ ಕನ್ನಡಿಗ:
ಲೈಸೆನ್ಸ್ ತೆಗೆದುಕೊಂಡು, ದುಡ್ಡು ಕಟ್ಟಿ, ಋತು ನೋಡಿ ಹೋಗುತ್ತೇನೆ. ನಿಮಗೆ ಬೇಡದಿದ್ದರೆ ಓದಬೇಡಿ.

ಮಡಿಕೇರಿ ಮಾವ:
ಇಬ್ಬರೂ ಸುಮ್ನಿರಿ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಮುಗಿದ ಮಾತು. ಕೊಡವರಿಗೂ ಜಮ್ಮಾ ಹಿಡುವಳಿಯವರಿಗೂ (ಕೊಡಗಿನ ಹಳೇ ವಂಶಪಾರಂಪರ್ಯ ಜಮೀನಿನವರು) ಕೋವಿ ಲೈಸೆನ್ಸಿನ ವಿನಾಯಿತಿಯನ್ನು 2019ರಲ್ಲಿ ಮತ್ತೆ ಹತ್ತು ವರ್ಷ ವಿಸ್ತರಿಸಿದರು ನಿಜ, ಹಾಗಂತ ಹಂದಿ ಹೊಡೆಯಬಹುದು ಅಂತ ಅರ್ಥ ಅಲ್ಲ. ಕೆಲವರು ಹಾಗೇ ತಿಳಿದುಕೊಂಡಿದ್ದಾರೆ. ನಾನು ಆಪರೇಷನ್ ಆದ ವರ್ಷ ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ತೆಂಗಿನಕಾಯಿಗೆ ಗುರಿ ಇಟ್ಟೆ. ಹುಡುಗರು ಕುರ್ಚಿ ತಂದರು. ಬೇಡ ಅಂದೆ. ನಿಂತೇ ಹೊಡೆದೆ, ಕಾಯಿ ಚೂರಾಯಿತು. ಮಾರನೇ ದಿನ ತೋಟದ ಇಳಿಜಾರಿನಲ್ಲಿ ಜಾರಿ ಬಿದ್ದೆ, ಅದು ಬೇರೆ ವಿಷಯ. ಎಕ್ಸ್‌ರೇಗೆ 900, ಏನೂ ಆಗಿರಲಿಲ್ಲ.

ಚಾರಣಿಗರೇ, ಕುಕ್ಕೆ ಕಡೆ ಯಾಕೆ? ಸೋಮವಾರಪೇಟೆ ಬಳಿಯ ಬೀದಳ್ಳಿ ಕಡೆಯಿಂದ ಬನ್ನಿ. ದಾರಿ ಕಮ್ಮಿ, ನೆರಳು ಜಾಸ್ತಿ.

ಸುಳ್ಯ ಕಡೆಯವ:
ಆ ಕಡೆ ತುದಿಯ ಹತ್ತಿರ ಕಡಿದಾದ ಬಂಡೆ ಇದೆಯಲ್ಲ, ಅದನ್ನು ಹೇಳಲೇ ಇಲ್ಲ. ನೀರು ಜಿನುಗುತ್ತಿದ್ದರೆ ಹೊಸ ಮಂಡಿಯವರು ಕೂತುಕೊಂಡೇ ಇಳಿಯಬೇಕು. ಕೂರಲು ಮಂಡಿ ಮಡಚಬೇಕು!

ಬಸವನಗುಡಿ ಚಾರಣಿಗ:
ಎರಡು ಕೋಲು ಅಂತ ತಿಳಿಯಿತು, ಥ್ಯಾಂಕ್ಸ್. ಬಂಡೆಯ ವಿಷಯ ಗೊತ್ತಿರಲಿಲ್ಲ. 115 ಡಿಗ್ರಿ ಅದಕ್ಕೆ ಸಾಲುತ್ತಾ?

ದಾವಣಗೆರೆ ಪಾಲಿಸಿ:
ಕ್ಯಾಷಿಯರ್ ಸಾರ್, ನಾನು ಇನ್ಶೂರೆನ್ಸ್ ಕೆಲಸದವನು. 2020ರಲ್ಲಿ ಐಆರ್‌ಡಿಎಐ (ಇನ್ಶೂರೆನ್ಸ್ ಕಂಪನಿಗಳನ್ನು ನಿಯಂತ್ರಿಸುವ ಸಂಸ್ಥೆ) ತಂದ ನಿಯಮದ ಪ್ರಕಾರ ರೂಮಿನ ಬಾಡಿಗೆ ಜಾಸ್ತಿಯಾಯಿತು ಅಂತ ಇಂಪ್ಲಾಂಟ್, ಔಷಧಿ, ಕನ್ಸ್ಯೂಮಬಲ್ಸ್, ಟೆಸ್ಟುಗಳ ಹಣದಲ್ಲಿ ಅದೇ ಪ್ರಮಾಣದ ಕಡಿತ ಮಾಡುವ ಹಾಗಿಲ್ಲ. ನಿಮಗೆ ಇಂಪ್ಲಾಂಟಿನಲ್ಲೂ ಕಟ್ ಮಾಡಿದ್ದರೆ ಕೇಳಿ.

ಶಿವಮೊಗ್ಗದ ನಿವೃತ್ತ ಕ್ಯಾಷಿಯರ್:
ಏನು! ನಮ್ಮ ಏಜೆಂಟ್ "ರೂಲ್ಸ್ ಸಾರ್, ಏನೂ ಮಾಡಕ್ಕಾಗಲ್ಲ" ಎಂದು ಕಾಫಿ ಕುಡಿದು ಹೋದ. ಈಗ ಯಾರಿಗೆ ಬರೆಯಬೇಕು? ಟೈಮ್ ಇದೆಯಾ?

ದಾವಣಗೆರೆ ಪಾಲಿಸಿ:
ಮೊದಲು ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ದರೆ ಬೆಂಗಳೂರಿನ ಇನ್ಶೂರೆನ್ಸ್ ಓಂಬುಡ್ಸ್‌ಮನ್‌ಗೆ, ಅಂದರೆ ಇಂಥ ದೂರು ವಿಚಾರಿಸುವ ಅಧಿಕಾರಿಗೆ. ಫೀಸು ಇಲ್ಲ, ವಕೀಲರೂ ಬೇಡ. ಅಲ್ಲಿಗೆ ಹೋಗಲು ಒಂದು ವರ್ಷದ ಗಡುವು ಇರುತ್ತದೆ, ಕಂಪನಿ ಕೊಟ್ಟ ಪತ್ರದ ತಾರೀಕು ನೋಡಿಕೊಳ್ಳಿ. ಸೆಟಲ್‌ಮೆಂಟ್ ಪತ್ರ, ಸಾಲು ಸಾಲಾಗಿ ಇರುವ ಬಿಲ್ಲು, ಇಂಪ್ಲಾಂಟಿನ ಸ್ಟಿಕ್ಕರ್ ಅಂಟಿಸಿದ ಹಾಳೆ, ಮೂರೂ ಇಟ್ಟುಕೊಂಡಿದ್ದೀರಾ?

ಶಿವಮೊಗ್ಗದ ನಿವೃತ್ತ ಕ್ಯಾಷಿಯರ್:
ಮೊದಲೆರಡು ಇವೆ. ಸ್ಟಿಕ್ಕರ್ ಹಾಳೆ ಕೊಡಲೇ ಇಲ್ಲ. ನಾಳೆ ಬೆಳಗ್ಗೆ ಆಸ್ಪತ್ರೆಗೆ ಹೋಗಿ ಕೂರುತ್ತೇನೆ, ಕೊಡುವವರೆಗೆ ಏಳುವುದಿಲ್ಲ.